ಗುಬ್ಬಿಯ ಸೀಟಿಗೆ ಬಂದ ಸ್ವಿಚ್ಚು

"ಅತ್ತೇ, ಬೇಗ! ಇವತ್ತೂ ಪ್ರಾಕ್ಟೀಸ್ ತಪ್ಪಿದ್ರೆ ರಿಲೇ ಟೀಮಿಂದ ನನ್ನ ತೆಗೆದುಬಿಡ್ತಾರೆ!"

ಗುಬ್ಬಿಯ ಅತ್ತೆ ಲಾರಿ ಎಲೆಕ್ಟ್ರಿಷಿಯನ್. ಅಪ್ಪನ ನೀರಿನ ಲಾರಿಯ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ವೈರು ಸುಲಿಯುತ್ತಿದ್ದಳು.

"ಅವಸರವೇ ಅಪಘಾತಕ್ಕೆ ಕಾರಣ. ಟಾರ್ಚ್ ನೆಟ್ಟಗೆ ಹಿಡಿ."

ಅಪ್ಪ ರಸ್ತೆ ಬದಿಯ ಗಿಡಗಳಿಗೆ ನೀರು ಹಾಕುತ್ತಾನೆ. ಎಂಜಿನ್ ಜೋರಾದರೆ ಮಾತ್ರ ಪಂಪಿಗೆ ಜೀವ. ಇಲ್ಲದಿದ್ದರೆ ಪೈಪಿನಿಂದ ನೀರು ಮಗುವಿನ ಜೊಲ್ಲಿನ ಹಾಗೆ ಸುರಿಯುತ್ತದೆ. ಅದಕ್ಕೇ ಗುಬ್ಬಿ ಸ್ಕೂಲ್ ಬಿಟ್ಟ ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಬೇಕಿತ್ತು. ಒಮ್ಮೆ ಅಪ್ಪ ಪೆಡಲ್ ಮೇಲೆ ಇಟ್ಟಿಗೆ ಇಟ್ಟು ನೋಡಿದ್ದ. ಇಟ್ಟಿಗೆ ಜಾರಿ ಅವನ ಊಟದ ಡಬ್ಬಿಯೇ ಚಪ್ಪಟೆಯಾಯಿತು.

ಇನ್ನು ಆ ಕೆಲಸ ಅತ್ತೆ ಈಗ ಕೂರಿಸುತ್ತಿದ್ದ ಸ್ವಿಚ್ಚಿನದು. ಅತ್ತೆ ಒಂದು ಕೆಂಪು ವೈರನ್ನು ಹ್ಯಾಂಡ್‌ಬ್ರೇಕಿನ ಕಡೆಗೂ ಎಳೆದಳು.

"ಅದ್ಯಾಕೆ ಅಲ್ಲಿಗೆ?"

"ಆಮೇಲೆ ಗೊತ್ತಾಗುತ್ತೆ."

ಅಪ್ಪ ಲಾರಿ ಸ್ಟಾರ್ಟ್ ಮಾಡಿ, ಪೈಪು ಹಿಡಿದು ಕೆಳಗೆ ನಿಂತ. ಗುಬ್ಬಿ ಸ್ವಿಚ್ ಒತ್ತಿದಳು. ಎಂಜಿನ್ ಜೋರಾಗಲೇ ಇಲ್ಲ.

ಗುಬ್ಬಿಯ ಮುಖ ಸಪ್ಪಗಾಯಿತು. "ಹೋಯ್ತು ನನ್ನ ಟೀಮು!"

ಅತ್ತೆ ಮಾತ್ರ ನಗುತ್ತಿದ್ದಳು. "ಸೀಟಲ್ಲಿ ಕೂತ ತಕ್ಷಣ ದಿನಾ ಮೊದ್ಲು ಏನ್ ಮಾಡ್ತೀಯ?"

"ಹ್ಯಾಂಡ್‌ಬ್ರೇಕ್ ಎಳೀತೀನಿ..." ಗುಬ್ಬಿ ನಾಲಿಗೆ ಕಚ್ಚಿಕೊಂಡಳು. ಬ್ರೇಕ್ ಹಾಕೇ ಇರಲಿಲ್ಲ! ದಿನಾ ಅವಳೇ ಹಾಕುತ್ತಿದ್ದುದರಿಂದ ಅಪ್ಪನಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಚಕ್ರಕ್ಕೊಂದು ಕಲ್ಲು ಕೊಟ್ಟು ಸುಮ್ಮನಾಗಿಬಿಡುತ್ತಿದ್ದ.

"ಬ್ರೇಕ್ ಹಾಕ್ದೆ ಎಂಜಿನ್ ಜೋರಾಗಿ ಗಾಡಿ ಹೊರಟ್ಬಿಟ್ರೆ? ಅದಕ್ಕೇ ಆ ವೈರು. ಬ್ರೇಕ್ ಹಾಕೋ ತನಕ ಸ್ವಿಚ್ ಕೆಲಸ ಮಾಡಲ್ಲ."

ಗುಬ್ಬಿ ಎರಡೂ ಕೈಯಿಂದ ಬ್ರೇಕ್ ಎಳೆದು ಮತ್ತೆ ಸ್ವಿಚ್ ಒತ್ತಿದಳು. ಎಂಜಿನ್ ಗುರ್ರ್ ಎಂದಿತು. ನೀರು ನುಗ್ಗಿದ ರಭಸಕ್ಕೆ ಅಪ್ಪ ಪೈಪಿನ ಸಮೇತ ಹಿಂದಕ್ಕೆ ವಾಲಿದ.

"ಭಲೇ! ಓಡು ಗುಬ್ಬಿ, ಲೇಟಾಗುತ್ತೆ!" ಎಂದಳು ಅತ್ತೆ.

ಅತ್ತೆ ಸ್ಕೂಟರ್ ಹತ್ತಿ ಹೊರಟಳು. ಗುಬ್ಬಿ ಶೂ ಲೇಸ್ ಬಿಗಿದು ಗ್ರೌಂಡಿನ ಕಡೆ ಓಡಿದಳು. ತಿರುವಿನ ಹತ್ತಿರ ಬೆನ್ನ ಹಿಂದೆ ಅಪ್ಪನ ದನಿ ಕೇಳಿತು.

"ಸಾಕು ಗುಬ್ಬಿ, ಕಾಲು ತೆಗಿ! ಇವತ್ತೇನಾಯ್ತು ಗೊತ್ತಾ, ಒಂದು ನಾಯಿ ಲಾರಿ ಒಳಗೇ..."

ಗುಬ್ಬಿ ತಿರುಗಿ ನೋಡಿದಳು. ಸೀಟು ಖಾಲಿ. ಅಪ್ಪ ಮಾತು ನಿಲ್ಲಿಸಿ, ತಲೆ ಕೆರೆದುಕೊಂಡು, ಸ್ವಿಚ್ ಆಫ್ ಮಾಡಲು ಹೋದ.

ಅವಳಿಗೆ ಮೊದಲು ನಗು ಬಂತು. ಆಮೇಲೆ ಓಟ ನಿಲ್ಲಿಸಿದಳು. ಅಪ್ಪನಿಗೆ ದಿನಾ ಬೇಕಾಗಿದ್ದುದು ಅವಳ ಕಾಲು ಮಾತ್ರ ಅಲ್ಲ, ಕತೆ ಕೇಳುವ ಕಿವಿಯೂ.

"ಅಪ್ಪಾ, ಪ್ರಾಕ್ಟೀಸ್ ಮುಗಿಸ್ಕೊಂಡು ಬರ್ತೀನಿ! ಅಲ್ಲೀವರೆಗೂ ಆ ನಾಯಿ ಕತೆ ಯಾರಿಗೂ ಹೇಳ್ಬೇಡ!"

ಅಪ್ಪ ಪೈಪು ಎತ್ತಿ ಬೀಸಿದ. ಗುಬ್ಬಿ ಮತ್ತೆ ಓಡಿದಳು.