ಬಾನೆಟ್ಟಿನ ಸಂದು

ಶನಿವಾರ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಶೆಡ್ಡಿನಲ್ಲಿದ್ದ ಕಾರು ಎಂದಿನಂತೆ 'ಟಕ್' ಎಂದಿತು. ಪುಟ್ಟಲಕ್ಷ್ಮಿಯ ಎದೆ ಝಲ್ಲೆಂದಿತು, ಹೆದರಿಕೆಯಿಂದಲ್ಲ. ಗಂಡ ಹೊನ್ನಯ್ಯ ಜ್ವರದಲ್ಲಿ ತೀರಿಕೊಂಡು ವರ್ಷ ಕಳೆದರೂ ಈ ಸದ್ದಿಗಾಗಿ ಅವಳು ದಿನವೂ ಕಾಯುತ್ತಿದ್ದಳು.

"ಬಂದ ನೋಡು," ಎಂದರು ಅತ್ತೆ ನಂಜಮ್ಮ.

ಶಿವಮೊಗ್ಗದಲ್ಲಿ ಕಾರುಗಳು ಬೆರಳೆಣಿಕೆಯಷ್ಟಿದ್ದ ಕಾಲ. ಹೊನ್ನಯ್ಯ ಆಸೆಪಟ್ಟು ತಂದ ಹಳೇ ಕಾರಿನ ಬಾನೆಟ್ಟು ಸೊಟ್ಟಗಿತ್ತು. ಅದನ್ನು ನೆಟ್ಟಗೆ ಕೂರಿಸುವ ಮೊದಲೇ ಮಗ ಕಣ್ಮುಚ್ಚಿದ, ಆ ಆಸೆ ತೀರದೆ ಬಡಿಯುತ್ತಾನೆ ಎಂಬುದು ನಂಜಮ್ಮನ ನಂಬಿಕೆ. ಅದಕ್ಕೇ ಭದ್ರಾವತಿ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುವ ಹಾಲಸ್ವಾಮಿಯನ್ನು ಮನೆಗೆ ಕರೆಸಿದ್ದರು. ಅವನೂ ಅವರ ಕುಲದವನೇ. ಆ ಕುಲದಲ್ಲಿ ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಹೆಂಡತಿಯಾಗಿ ಮನೆ ತುಂಬಿಸಿಕೊಳ್ಳುವ ಪದ್ಧತಿಯುಂಟು. ಆದರೆ, "ನನ್ನ ಮಗ ಈ ಮನೆ ಬಿಟ್ಟು ಹೋಗೋ ತನಕ ಆ ಮಾತು ಎತ್ಬೇಡಿ," ಎಂದು ನಂಜಮ್ಮ ನೆಂಟರ ಬಾಯಿ ಮುಚ್ಚಿಸಿದ್ದರು.

ಮರುದಿನ ಹಾಲಸ್ವಾಮಿ ಮತ್ತೆ ಬಂದ.

"ಒಂದು ಬಾನೆಟ್ಟಿಗೆ ಎಷ್ಟು ಭಾನುವಾರ ಬೇಕು ಮಾರಾಯ್ರೇ?" ಪುಟ್ಟಲಕ್ಷ್ಮಿ ಕೆಣಕಿದಳು.

"ತಪ್ಪು ಬಾನೆಟ್ಟಿಂದಲ್ಲ. ಬಾಡಿಯ ಎಡಮೂಲೆ ತಗ್ಗಿದೆ. ಅದರಡಿಗೆ ಗಟ್ಟಿ ಚರ್ಮ ಕೊಟ್ಟು ಎತ್ತಿದ್ರೆ ಬಾನೆಟ್ಟು ತಾನಾಗೇ ಕೂರುತ್ತೆ. ಅರ್ಧ ದಿನದ ಕೆಲಸ."

"ಮತ್ತೆ ಇಷ್ಟು ದಿನ?"

"ನಿಮ್ಮನ್ನ ನೋಡೋಕೆ ಬಂದೆ."

ಅವನ ನೋಟ ಅವಳ ಬರಿಗೈಯ ಮೇಲೆ ನಿಂತು, ನಾಚಿ ಸರಿಯಿತು. ಅವಳ ಕೆನ್ನೆ ಬಿಸಿಯಾಯಿತು. ಮರುಗಳಿಗೆಯೇ ಕಳವಳ. "ಸರಿ ಮಾಡಿದ್ರೆ... ಆ ಸದ್ದು?"

"ನಿಲ್ಲುತ್ತೆ. ಬಿಸಿಲಿಗೆ ಕಾದ ತಗಡು ಆರುವಾಗ ಜಾರಿ ಬಡಿಯುತ್ತೆ, ಅಷ್ಟೆ." ಆಮೇಲೆ ಮೆಲ್ಲಗೆ ಹೇಳಿದ: "ಬೇಡ ಅಂದ್ರೆ ಹೀಗೇ ಬಿಟ್ಟು ಹೋಗ್ತೀನಿ. ಅವರನ್ನ ನಿಮ್ಮಿಂದ ಕಿತ್ಕೊಂಡು ನನಗೆ ಸುಖ ಬೇಡ."

ಪುಟ್ಟಲಕ್ಷ್ಮಿ ಒಳಗೆ ಹೋದಳು. ಹೊಸಿಲ ಪಕ್ಕ ಹೊನ್ನಯ್ಯನ ಚಪ್ಪಲಿಗಳು ಅವನು ಬಿಟ್ಟಂತೆಯೇ ಇದ್ದವು. ತೆಗೆಯಲು ಅತ್ತೆ ಬಿಟ್ಟಿರಲಿಲ್ಲ, ಇವಳಿಗೂ ಕೈ ಬಂದಿರಲಿಲ್ಲ. ಬಾಗಿ ಅವನ್ನು ಎದೆಗೊತ್ತಿಕೊಂಡಳು.

"ಸಾಕು ಕಣ್ರೀ, ಬಡಿದು ಬಡಿದು ನಿಮಗೂ ಸಾಕಾಗಿರುತ್ತೆ," ಎಂದು ಪಿಸುಗುಟ್ಟಿದಳು.

ಶೆಡ್ಡಿಗೆ ತಂದು ಹಾಲಸ್ವಾಮಿಯ ಕೈಗಿಟ್ಟಳು. "ಈ ಚರ್ಮಾನೇ ಹಾಕಿ."

ಬಾಗಿಲಲ್ಲಿ ನಿಂತಿದ್ದ ನಂಜಮ್ಮ ತಡೆಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹಾಲಸ್ವಾಮಿ ಚಪ್ಪಲಿಗಳಿಗೆ ಕೈಮುಗಿದು, ಅಟ್ಟೆ ಕತ್ತರಿಸಿ, ಬಾಡಿ ಎತ್ತಿ ಅಡಿಗಿಟ್ಟು ಬೋಲ್ಟು ಬಿಗಿದ. ಬಾನೆಟ್ಟಿನ ಎರಡೂ ಬದಿಯ ಸಂದು ಒಂದೇ ಸಮ ಬಂತು. ಬಿಸಿಲು ಇಳಿಯಿತು. ಮೂವರೂ ಕಿವಿಗೊಟ್ಟು ನಿಂತರು. ದೀಪ ಹಚ್ಚುವ ಹೊತ್ತಾದರೂ ಕಾರು ಸದ್ದು ಮಾಡಲಿಲ್ಲ.

ಪುಟ್ಟಲಕ್ಷ್ಮಿ ಬಿಕ್ಕಿ ಬಿಕ್ಕಿ ಅತ್ತಳು. ನಂಜಮ್ಮ ಅವಳ ತಲೆ ಸವರಿದರು. "ಹೋದ ಕಣವ್ವ. ಚಪ್ಪಲಿ ಮೆಟ್ಕೊಂಡೇ ಹೋದ."

ಆಮೇಲೆ ಮೂಗೊರೆಸಿಕೊಂಡು ಹಾಲಸ್ವಾಮಿಯ ಕಡೆ ತಿರುಗಿದರು.

"ಮುಂದಿನ ಭಾನುವಾರ ಬರುವಾಗ ಸುತ್ತಿಗೆ ತರಬೇಡಪ್ಪ. ಒಂದು ಸೀರೆ ತಗೊಂಡು ಬಾ."