ಬುಟ್ಟಿಯೊಳಗಿನ ಬಸವನಹುಳುಗಳು

ದಂಡೆಯುದ್ದಕ್ಕೂ ಮೀನು ಸತ್ತು ತೇಲುತ್ತಿದ್ದವು. ತುರ್ವಿಹಾಳದ ಆಚೆಗಿನ ಹೊಸ ಏತ ನೀರಾವರಿ ಕೆರೆ ಬೆಳಗಿನ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಸ್ಕೂಟಿ ಇಳಿದ ಯಶೋಧರಾಗೆ ಮೊದಲು ಕಂಡದ್ದು ಆ ಹೊಳಪು. ಆಮೇಲೆ ಕಂಡದ್ದು ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದ ಜನ.

ಮಸ್ಕಿಯ ಯಶೋಧರಾ ಎಂಟು ತಿಂಗಳಿಂದ ಈ ಕೆರೆಯ ಬಸವನಹುಳುಗಳ ಹಿಂದೆ ಬಿದ್ದಿದ್ದ ಸಂಶೋಧಕಿ. ಹೊಸ ನೀರು ನಿಂತಲ್ಲಿ ಬಸವನಹುಳು ಸೇರುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ರೋಗದ ಹುಳುಗಳು ಬೆಳೆಯುತ್ತವೆ. ಒಂದು ಜಾತಿಯದು ಭತ್ತ ನಾಟಿ ಮಾಡುವ ಹೆಂಗಸರ ಕಾಲಿಗೆ ತುರಿಕೆ ತರುತ್ತದೆ. ಇನ್ನೊಂದು, ದಂಡೆಯ ಹುಲ್ಲು ಮೇಯುವ ಕುರಿಗಳ ಪಿತ್ತಜನಕಾಂಗವನ್ನೇ ತಿಂದುಹಾಕುತ್ತದೆ.

ಮೀನಿನ ಗುತ್ತಿಗೆ ಹಿಡಿದಿದ್ದ ಮಕ್ತುಮ್‌ಸಾಬ್ ಕೆಸರಲ್ಲೇ ಕುಸಿದು ಕುಳಿತಿದ್ದ. ಅವಳನ್ನು ಕಂಡದ್ದೇ ತಡ, ಬಾಯಿಗೆ ಬಂದಂತೆ ಬೈದ. ಸಬ್ ಇನ್ಸ್‌ಪೆಕ್ಟರ್ ಸಿದ್ದಲಿಂಗೇಶ ಅವನನ್ನು ಸುಮ್ಮನಾಗಿಸಿ, ದಂಡೆಯಲ್ಲಿ ಸಿಕ್ಕ ಖಾಲಿ ಪಾಕೀಟೊಂದನ್ನು ಮುಂದೆ ಹಿಡಿದ. ಬಸವನಹುಳು ಕೊಲ್ಲುವ ಔಷಧಿಯದು.

"ನಿಮ್ದ ಏನ್ರಿ ಇದು?"

"ನಮ್ದರಿ. ಶೆಡ್ಡಿನ್ಯಾಗ ತೊಟ್ಟಿ ನೀರಿಗೆ ಹಾಕಿ ನೋಡಿದ್ವಿ. ಖಾಲಿ ಆಗಿ ಮೂರು ತಿಂಗಳಾತು. ಕಸಕ್ಕ ಒಗದಿದ್ವಿ."

ಕಾಲುವೆ ಕೆಲಸದ ಸೂಪರ್‌ವೈಸರ್ ಅಮರಗುಂಡಪ್ಪ ಜನರ ನಡುವಿನಿಂದ ಮುಂದೆ ಬಂದ. "ಹುಳ ಕೊಲ್ಲಾಕ ಕೆರಿಗೇ ಔಷಧಿ ಸುರುವ್ಯಾರ ಸಾಹೇಬ್ರ. ಈ ಮೇಡಂ ನೀರಿನ್ಯಾಗ ಮುಳುಗಿಸಿಟ್ಟ ಬುಟ್ಟ್ಯಾಗಿನ ಹುಳನೂ ಸತ್ತಾವ. ನಾನ ನೋಡೀನಿ."

ನೀರು ಯಾರೂ ಮುಟ್ಟಬಾರದೆಂದು ಸಿದ್ದಲಿಂಗೇಶ ಕಾವಲು ಹಾಕಿದ. ಯಶೋಧರಾಳ ಕೆಲಸಕ್ಕೂ ತಡೆ ಬಿತ್ತು. ಇನ್ನು ಐದು ದಿನಕ್ಕೆ ಗದ್ದೆಗಳಿಗೆ ನೀರು ಬಿಡುವುದಿತ್ತು. ತನ್ನನ್ನು ಓಡಿಸಿದರೆ ನೀರಿನ ಜೊತೆ ಬಸವನಹುಳುಗಳೂ ಊರೂರಿಗೆ ಹೋಗುತ್ತವೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

* * *

ಯಶೋಧರಾಳ ಜೊತೆಗೆ ಸಂಶಯ ಬಿದ್ದದ್ದು ಕುರಿಗಾರ ನರಸಣ್ಣನ ಮೇಲೂ. ಗುರುಗುಂಟಾದಿಂದ ಮಂದೆ ಹೊಡೆದುಕೊಂಡು ಬಂದವನು ಈ ದಂಡೆಯಲ್ಲಿ ಹನ್ನೊಂದು ಕುರಿ ಕಳೆದುಕೊಂಡಿದ್ದ. ಹುಳುಗಳನ್ನೆಲ್ಲ ಕೊಂದುಬಿಡಿ ಎಂದು ಅವಳಿಗೆ ಕೈಮುಗಿದಿದ್ದ. ಮೊನ್ನೆ ಸಿಂಧನೂರಿನಲ್ಲಿ ಮೈಲುತುತ್ತ ಕೊಂಡನೆಂಬುದೂ ಪೊಲೀಸರಿಗೆ ತಿಳಿಯಿತು. ಮೈಲುತುತ್ತ ಬಿದ್ದ ನೀರಲ್ಲಿ ಬಸವನಹುಳುವೂ ಉಳಿಯದು, ಮೀನೂ ಉಳಿಯದು.

ಔಷಧಿ ಗುರುತಿಸಲೆಂದು ಸಿದ್ದಲಿಂಗೇಶನ ಜೀಪಿನಲ್ಲಿ ಅವಳೂ ಹೋದಳು. ನರಸಣ್ಣ ಓಡಿಹೋಗಿರಲಿಲ್ಲ. ತಗಡಿನ ತಟ್ಟೆಯಲ್ಲಿ ನೀಲಿ ನೀರು ಮಾಡಿ ಒಂದೊಂದೇ ಕುರಿಯ ಗೊರಸು ಅದ್ದಿಸುತ್ತಿದ್ದ. ಕಾಲುಬೇನೆಗೆ ತಂದದ್ದೆಂದು ಚೀಲ ತೋರಿಸಿದ. ಹಿಡಿಯಷ್ಟು ಮಾತ್ರ ಖರ್ಚಾಗಿತ್ತು.

"ನನ್ನ ಕುರಿ ಕುಡಿಯೋದು ಅದ ನೀರು ಸಾಹೇಬ್ರ," ಎಂದ. "ಅದಕ್ಕ ನಾ ಇಸ ಹಾಕ್ತೀನಿ?"

ಸಿದ್ದಲಿಂಗೇಶ ಚೀಲ ಹಿಂದಿರುಗಿಸಿ ಜೀಪು ಹತ್ತಿದ. ಈಗ ಉಳಿದವಳು ತಾನೊಬ್ಬಳೇ ಎಂದು ಯಶೋಧರಾಗೆ ಅರ್ಥವಾಯಿತು.

ದಾರಿಯಲ್ಲಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬೆಳಗಿನಿಂದ ಎಲ್ಲರ ಮುಖ ನೋಡಿದ್ದಾಯಿತು, ನೋಡಬೇಕಾದ್ದನ್ನೇ ನೋಡಿರಲಿಲ್ಲ. ಕೆರೆ ತಲುಪಿದವಳೇ ಸಿದ್ದಲಿಂಗೇಶನ ಒಪ್ಪಿಗೆ ಪಡೆದು, ಗಮ್‌ಬೂಟು, ಕೈಗವಸು ಹಾಕಿಕೊಂಡು ನೀರಿಗಿಳಿದು, ಅಧ್ಯಯನಕ್ಕೆಂದು ಮುಳುಗಿಸಿಟ್ಟಿದ್ದ ಜಾಲರಿ ಬುಟ್ಟಿ ಎಳೆದಳು. ನಲವತ್ತು ಬಸವನಹುಳು. ಕಡ್ಡಿಯಿಂದ ಒಂದನ್ನು ಮುಟ್ಟಿದಳು. ಅದು ಚಿಪ್ಪಿನೊಳಕ್ಕೆ ಮೈ ಎಳೆದುಕೊಂಡಿತು. ಇನ್ನೊಂದು. ಅದೂ ಹಾಗೆಯೇ.

ನಲವತ್ತೂ ಜೀವಂತವಾಗಿದ್ದವು.

* * *

ಆಮೇಲೆ ಅವಳು ನಡೆಯಲಿಲ್ಲ, ಬುಟ್ಟಿ ಕೈಲಿ ಹಿಡಿದೇ ಓಡಿದಳು. ಸಿದ್ದಲಿಂಗೇಶ ಹಿಂದೆ ಓಡಿದ.

ಕೆರೆಗೆ ಪಕ್ಕದಿಂದೊಂದು ಕಿರುಗಾಲುವೆ ಬಂದು ಸೇರುತ್ತಿತ್ತು. ಅದರ ನೀರಲ್ಲಿ ಸಿಗಡಿ ಸತ್ತಿದ್ದವು, ನೀರ ಮೇಲೆ ಓಡಾಡುವ ಹುಳಗಳೂ ಸತ್ತಿದ್ದವು. ಹತ್ತು ಹೆಜ್ಜೆಗೊಮ್ಮೆ ಬಗ್ಗಿ ನೋಡುತ್ತ ಮೇಲಕ್ಕೆ ಹೋದಳು. ಸತ್ತವೇ, ಸತ್ತವೇ. ಕಾಲುವೆ ಕೆಲಸದವರ ಕ್ಯಾಂಪು ದಾಟಿದ್ದೇ ತಡ, ಸಿಗಡಿಗಳು ಚಿಮ್ಮುತ್ತಿದ್ದವು. ವಿಷ ಬಿದ್ದದ್ದು ಕ್ಯಾಂಪಿನ ಬಾಗಿಲಲ್ಲೇ.

ಪೇದೆಗಳು ಹುಡುಕಿದರು. ಸಿಮೆಂಟ್ ಚೀಲಗಳ ಹಿಂದೆ ಹತ್ತಿಗೆ ಹೊಡೆಯುವ ಕೀಟನಾಶಕ ಎಣ್ಣೆಯ ನಾಲ್ಕು ಖಾಲಿ ಬಾಟಲಿ ಸಿಕ್ಕವು. ಅಷ್ಟರಲ್ಲಿ ಜನ ಸೇರಿದ್ದರು. ಅಮರಗುಂಡಪ್ಪನೂ ಬಂದ.

"ಮುಂಜಾನಿ ಬುಟ್ಟಿ ಎತ್ತಿ ನೋಡಿದ್ರಿ?" ಸಿದ್ದಲಿಂಗೇಶ ಕೇಳಿದ.

"ನೋಡೀನ್ರಿ."

"ಎಷ್ಟು ಸತ್ತಿದ್ವು?"

"ಎಲ್ಲಾ."

ಯಶೋಧರಾ ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಒಂದು ಬಸವನಹುಳು ಕೊಂಬು ಚಾಚಿ ಜಾಲರಿಯ ಮೇಲೆ ನಿಧಾನಕ್ಕೆ ಹರಿಯತೊಡಗಿತು.

ಅವಳೇ ಬಿಡಿಸಿ ಹೇಳಿದಳು. ತನ್ನ ಔಷಧಿ ಬಿದ್ದಿದ್ದರೆ ಮೊದಲು ಸಾಯಬೇಕಾದ್ದು ಬಸವನಹುಳು. ಮೈಲುತುತ್ತವಾದರೂ ಅಷ್ಟೆ. ಹತ್ತಿಯ ಈ ಎಣ್ಣೆ ಮಾತ್ರ ಮೀನು, ಸಿಗಡಿಗಳನ್ನು ಕೊಲ್ಲುತ್ತದೆ, ಬಸವನಹುಳು ತಡೆದುಕೊಳ್ಳುತ್ತವೆ. ವಿಷ ಹಾಕಿದವನ ಕೈಗೆ ಸಿಕ್ಕದ್ದು ತನ್ನ ಖಾಲಿ ಪಾಕೀಟು, ಔಷಧಿಯಲ್ಲ. ಹುಳು ಸತ್ತಿರಲೇಬೇಕೆಂದು ನಂಬಿದವನು, ನೋಡದೆಯೇ ನೋಡಿದೆನೆಂದ.

"ಯಾಕ ಮಾಡಿದಿ?" ಮಕ್ತುಮ್‌ಸಾಬ್ ಕೇಳಿದ.

ಅಮರಗುಂಡಪ್ಪ ಕಿರುಗಾಲುವೆಯತ್ತ ಕೈ ತೋರಿಸಿದ. ಆ ಕಿರುಗಾಲುವೆ ಕಟ್ಟಿಸಿದವನು ಅವನೇ. ಇಳಿಜಾರು ತಪ್ಪಿ ಅಲ್ಲಲ್ಲಿ ನೀರು ನಿಲ್ಲುತ್ತಿತ್ತು, ಬಸವನಹುಳು ಹುಟ್ಟುತ್ತಿದ್ದುದೇ ಅಲ್ಲಿ. ಒಡೆದು ಹೊಸದಾಗಿ ಕಟ್ಟಬೇಕೆಂಬ ಯಶೋಧರಾಳ ವರದಿ ಸೋಮವಾರ ಲಿಂಗಸುಗೂರಿನ ಸಭೆಗೆ ಹೋಗುವುದಿತ್ತು.

"ಹದಿನೆಂಟು ವರ್ಷದ ಹೆಸರು ಹೋಗ್ತಿತ್ತು," ಎಂದ. "ಊರವ್ರು ಆಕಿನ್ನ ಓಡಿಸ್ತಾರ, ಅಷ್ಟಕ್ಕ ಮುಗೀತೈತಿ ಅಂದ್ಕೊಂಡೆ. ಇಷ್ಟು ಮೀನು ಸಾಯ್ತಾವಂತ ತಿಳೀಲಿಲ್ಲ."

ಜೀಪು ಅವನನ್ನು ಕರೆದುಕೊಂಡು ಹೋಯಿತು. ಕೆರೆಯ ನೀರು ಪರೀಕ್ಷೆಯಾಗಿ ಶುದ್ಧವೆಂದು ತಿಳಿಯುವವರೆಗೆ ಗದ್ದೆಗೆ ಬಿಡಬಾರದೆಂದು ಆದೇಶ ಬಂತು. ಅಷ್ಟರೊಳಗೆ ಕಿರುಗಾಲುವೆ ಒಡೆದು, ಒಣಗಿಸಿ, ಇಳಿಜಾರು ಸರಿಪಡಿಸುವುದೆಂದೂ ಆಯಿತು.

ಸಂಜೆ ಯಶೋಧರಾ ಸ್ಕೂಟಿ ಹತ್ತುವಾಗ ಮಕ್ತುಮ್‌ಸಾಬ್ ಎದುರು ಬಂದು ನಿಂತ. ತಲೆಯ ಟವೆಲು ಬಿಚ್ಚಿ, ಮತ್ತೆ ಸುತ್ತಿಕೊಂಡ.

"ಹೊಸಾ ಮರಿ ಬಿಡಬೇಕಲ್ರಿ ಮೇಡಂ," ಎಂದ. "ಈ ಬಸವನಹುಳ ತಿನ್ನೋ ಮೀನು ಯಾವುದಾರ ಐತೇನ್ರಿ?"

ಯಶೋಧರಾ ಸ್ಕೂಟಿಯ ಕೀಲಿ ತೆಗೆದಳು. ಬೆಳಗಿನಿಂದ ಮೊದಲ ಸಲ ದಂಡೆಯ ಮೇಲೆ ಕುಳಿತು, ಪಕ್ಕದ ಕಲ್ಲು ತೋರಿಸಿದಳು.

"ಐತ್ರಿ ಕಾಕಾ. ಕುಂಡ್ರಿ, ಹೇಳ್ತೀನಿ."