ಅರ್ಧಕ್ಕೆ ಕಾಲು ಕೂಡಿಸಿದರೆ

"ಭಿನ್ನರಾಶಿ ಕೂಡಿಸೋದು ಎಲ್ಲರಿಗೂ ಬರುತ್ತಲ್ವಾ?" ಎಂದರು ಗಣಿತದ ಟೀಚರ್.

"ಹೂಂ ಟೀಚರ್!" ಇಡೀ ಕ್ಲಾಸು ರಾಗ ಎಳೆಯಿತು. ಹೊಸದಾಗಿ ಸೇರಿದ ಚೂಟಿ ಬರೀ ತುಟಿ ಅಲ್ಲಾಡಿಸಿದಳು.

"ಸರಿ ಹಾಗಾದ್ರೆ, ಶುಕ್ರವಾರ ಟೆಸ್ಟ್."

ಚೂಟಿಯ ಅಪ್ಪ ಸೈನ್ಯದಲ್ಲಿದ್ದರು. ಅವರಿಗೆ ವರ್ಗವಾದಾಗಲೆಲ್ಲ ಅವಳಿಗೂ ಸ್ಕೂಲು ಬದಲು. ಕಪ್ಪೆಯ ಪಾಠವನ್ನು ಅವಳು ಹೋದ ಸ್ಕೂಲಿನಲ್ಲೆಲ್ಲ ಮತ್ತೆ ಮತ್ತೆ ಕಲಿತಿದ್ದಳು. ಗೊದಮೊಟ್ಟೆಯ ಚಿತ್ರವನ್ನು ಕಣ್ಣು ಮುಚ್ಚಿಕೊಂಡೇ ಬರೆಯುತ್ತಿದ್ದಳು. ಭಿನ್ನರಾಶಿ ಮಾತ್ರ ಕೈತಪ್ಪಿತ್ತು. ಹಳೇ ಸ್ಕೂಲಿನಲ್ಲಿ ಅದು ಇನ್ನೂ ಶುರುವಾಗಿರಲಿಲ್ಲ. ಇಲ್ಲಿ ಆಗಲೇ ಮುಗಿದಿತ್ತು.

ಬರಲ್ಲ ಅಂದರೆ ಎಲ್ಲರೂ ನಗುತ್ತಾರೆ. ಯಾರನ್ನೂ ಕೇಳದೆ ತಾನೇ ಕಲಿಯಬೇಕೆಂದು ಚೂಟಿ ಹಟ ತೊಟ್ಟಳು.

ಸಂಜೆ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯ ಮೇಲೆ ಪುಸ್ತಕ ಹರಡಿಕೊಂಡು ಕೂತಳು. ಅರ್ಧಕ್ಕೆ ಕಾಲು ಕೂಡಿಸಬೇಕಿತ್ತು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದಳು. ಆರರಲ್ಲಿ ಎರಡು ಭಾಗ ಬಂತು. ಅದು ಅರ್ಧಕ್ಕಿಂತ ಕಡಿಮೆ! ಕೂಡಿಸಿದರೆ ಕಡಿಮೆಯಾಗುವುದುಂಟೆ? ಅಳಿಸಿ ಅಳಿಸಿ ಹಾಳೆಯೇ ಹರಿಯಿತು.

ಅಮ್ಮ ಏದುಸಿರು ಬಿಡುತ್ತ ಬಕೆಟ್ ತಂದಿಟ್ಟಳು. ಈ ಮನೆಗೆ ಬಂದಾಗಿನಿಂದ ಬಚ್ಚಲಿನ ನಲ್ಲಿಯಲ್ಲಿ ನೀರಿಲ್ಲ. ಹಿತ್ತಲಿನಿಂದ ಹೊತ್ತು ತರಬೇಕು. ಅಮ್ಮನ ಹಿಂದೆಯೇ ಎದುರುಮನೆ ಆಂಟಿ ಬಂದರು.

"ಏನ್ರೀ, ಯಾವಾಗ ನೋಡಿದ್ರೂ ಬಕೆಟ್ ಹಿಡ್ಕೊಂಡೇ ಓಡಾಡ್ತೀರಲ್ಲ?"

"ನಲ್ಲೀಲಿ ನೀರು ಬರ್ತಿಲ್ಲ."

ಆಂಟಿ ಮೆಟ್ಟಿಲ ಕೆಳಗೆ ಬಗ್ಗಿ, ಪೈಪಿಗಿದ್ದ ವಾಲ್ವ್ ತಿರುಗಿಸಿದರು. ಬಚ್ಚಲಲ್ಲಿ ನೀರು ಭುಸ್ಸೆಂದು ಸುರಿಯಿತು.

"ಅಯ್ಯೋ, ಬಂದ ದಿನಾನೇ ಒಂದು ಮಾತು ಕೇಳಿದ್ರೆ ಬಾಯಿ ಸವೆದುಹೋಗ್ತಿತ್ತಾ?"

"ಊರು ಬದಲಾದಾಗಲೆಲ್ಲ, ಏನೂ ತಿಳೀದೋಳ ಥರ ಮತ್ತೆ ಎಲ್ಲಾ ಕೇಳಬೇಕಲ್ಲ ಅಂತ…" ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬಕೆಟ್ಟಿನ ಹಿಡಿ ಒತ್ತಿ ಅಂಗೈ ಕೆಂಪಾಗಿದ್ದನ್ನು ಚೂಟಿ ನೋಡಿದಳು.

ಮರುದಿನ ಟೀಚರ್ ಒಳಗೆ ಬರುತ್ತಿದ್ದಂತೆ ಚೂಟಿ ಎದ್ದು ನಿಂತಳು.

"ನಂಗೆ ಭಿನ್ನರಾಶಿ ಬರಲ್ಲ ಟೀಚರ್."

ಹಿಂದಿನ ಬೆಂಚು ಕಿಸಕ್ಕೆಂದಿತು. "ಅರ್ಧ, ಕಾಲು ಗೊತ್ತಿಲ್ವಂತೆ ಕಣ್ರೋ!"

ಚೂಟಿಯ ಕಿವಿ ಬಿಸಿಯಾಯಿತು. ಆದರೂ ಅವಳು ಕೂರಲಿಲ್ಲ.

"ಅರ್ಧ ಗೊತ್ತು, ಕಾಲೂ ಗೊತ್ತು. ಕೂಡಿಸಿದ್ರೆ ಅರ್ಧಕ್ಕಿಂತ ಕಡಿಮೆ ಬರ್ತಿದೆ. ಎಲ್ಲಿ ತಪ್ತಿದೀನಿ ಹೇಳ್ತೀರಾ?"

"ಅದು ಕಡಿಮೆ ಅಂತ ಹೊಳೀತಲ್ಲ, ಸದ್ಯ!" ಎಂದು ಟೀಚರ್ ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಬರೆದರು.

ಚೂಟಿ ಮೆಲ್ಲಗೆ ಹಿಂದೆ ತಿರುಗಿದಳು. ನಕ್ಕ ಹುಡುಗ ಆಗಲೇ ಪಕ್ಕದವನ ರಬ್ಬರ್ ಕಸಿಯುವುದರಲ್ಲಿ ಮುಳುಗಿದ್ದ. ನಗು ಮುಗಿದಿತ್ತು. ಅವಳು ಹೆದರಿದ್ದು ಇಷ್ಟಕ್ಕೇನಾ?

ಲೆಕ್ಕ ಮಾತ್ರ ಹಾಗೇ ಉಳಿದಿತ್ತು. ಚೂಟಿ ಪೆನ್ಸಿಲ್ ತೆಗೆದುಕೊಂಡು, ಬೋರ್ಡು ಚೆನ್ನಾಗಿ ಕಾಣುವಂತೆ ಬೆಂಚಿನ ತುದಿಗೆ ಸರಿದು ಕೂತಳು.